ಲೋಟದೊಳಗೆ ಊರು

ಜಲವರ್ಣದಲ್ಲಿ ಬಿಳಿ ಎಂದರೆ ಕಾಗದ. ತೈಲವರ್ಣದ ಕಲಾವಿದ ಕೊನೆಯಲ್ಲಿ ಒಂದು ಚುಕ್ಕೆ ಬಿಳಿ ಇಟ್ಟು ತಂಬಿಗೆಯನ್ನು ಹೊಳೆಯಿಸಬಲ್ಲ. ಜಲವರ್ಣದವನು ಆ ಚುಕ್ಕೆಯ ಜಾಗವನ್ನು ಮೊದಲೇ ಗುರುತಿಟ್ಟು, ಚಿತ್ರ ಮುಗಿಯುವವರೆಗೂ ಬಣ್ಣ ತಾಗದಂತೆ ಕಾಯಬೇಕು. ಹೊಳೆಯುವ ಪಾತ್ರೆಗಳ ವಸ್ತುಚಿತ್ರಕ್ಕೆ ಕಷ್ಟದ ಕೆಲಸವೆಂಬ ಹೆಸರು ಬಂದದ್ದು ಇದರಿಂದ. ಆದರೆ ಕೈ ಅಭ್ಯಾಸದಿಂದ ಪಳಗುತ್ತದೆ. ಪಳಗದೆ ಉಳಿಯುವುದು ಕಣ್ಣು. ಸ್ಟೀಲ್ ಲೋಟಕ್ಕೆ ಬೂದು, ಹಿತ್ತಾಳೆಗೆ ಹಳದಿ ಎಂದು ಮನಸ್ಸು ಮೊದಲೇ ತೀರ್ಮಾನಿಸಿರುತ್ತದೆ. ಸ್ಟೀಲಿಗೆ ಸ್ವಂತ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ನೆಟ್ಟಗೆ ನಿಂತ ಲೋಟ ಸುತ್ತಲಿನದನ್ನೆಲ್ಲ ಅಡ್ಡಕ್ಕೆ ಹಿಂಡಿ ಉದ್ದುದ್ದ ಪಟ್ಟಿಗಳಾಗಿಸುತ್ತದೆ: ಕಿಟಕಿ ಒಂದು ಬಿಳಿ ಗೆರೆ, ಅದಕ್ಕೆ ಅಂಟಿಕೊಂಡೇ ನಡುಮನೆಯ ಕತ್ತಲು ಒಂದು ಕಪ್ಪು ಗೆರೆ. ಇವೆರಡರ ಅಂಚನ್ನು ನೀರು ಹಚ್ಚಿ ಮಸುಕಾಗಿಸಿದರೆ ಲೋಹ ಹೋಗಿ ಮಣ್ಣಿನ ಮಡಕೆ ಬರುತ್ತದೆ. ಹಿತ್ತಾಳೆ, ತಾಮ್ರಗಳು ಮಾತ್ರ ತಾವು ತೋರುವ ಪ್ರತಿಬಿಂಬಕ್ಕೂ ತಮ್ಮ ಬಣ್ಣ ಬಳಿಯುತ್ತವೆ. ಅಲ್ಲಿ ಯೆಲ್ಲೋ ಓಕರ್‌ನಿಂದ ಬರ್ನ್ಟ್ ಸಿಯೆನಾಕ್ಕೆ ಇಳಿದು, ಕಡುಗತ್ತಲಿಗೆ ಅದರಲ್ಲೇ ಅಲ್ಟ್ರಾಮರೀನ್ ನೀಲಿ ಬೆರೆಸಬಹುದು.

ಹಾಗಿದ್ದರೆ ಪಾತ್ರೆಯ ಚಿತ್ರ ಅದು ಕುಳಿತ ಊರಿನ ಚಿತ್ರವೂ ಹೌದು. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಚನ್ನಗಿರಿಯ ಅಡಿಕೆ ತೋಟದ ಅಂಚಿನಲ್ಲಿಟ್ಟ ಕೊಡದ ಹೊಟ್ಟೆಯ ತುಂಬ ಕಡುಹಸಿರು. ಬೆಳಕು ತೂರುವುದು ಗರಿಗಳ ಸಂದಿನಿಂದ, ಚೂರುಚೂರಾಗಿ. ಜಗಳೂರಿನ ಬಯಲುಸೀಮೆಯಲ್ಲಿ ಅದೇ ಕೊಡದ ಮೇಲರ್ಧ ಬರೀ ಆಕಾಶ, ಕೆಳಗರ್ಧ ಹೊಲದ ಮಣ್ಣು, ನಡುವೆ ಬಾಗಿದ ದಿಗಂತ. ಹೊನ್ನಾಳಿಯ ತುಂಗಭದ್ರೆಯ ದಡದಲ್ಲಿ ನೀರಿಗೆ ಬಡಿದ ಬಿಸಿಲು ಪಾತ್ರೆಯನ್ನು ಕೆಳಗಿನಿಂದಲೂ ಬೆಳಗುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಫೆಬ್ರುವರಿಯ ಸೇವಾಲಾಲ್ ಜಯಂತಿಗೆ ಸೇರುವ ಲಂಬಾಣಿ ಹೆಣ್ಣುಮಕ್ಕಳ ಉಡುಪಿನ ಕನ್ನಡಿಗಳು ಇನ್ನೊಂದೇ ಪಾಠ. ಚಪ್ಪಟೆಯಾದ ಪುಟ್ಟ ಕನ್ನಡಿ ಲೋಟದಂತೆ ಎಲ್ಲವನ್ನೂ ಹಿಂಡುವುದಿಲ್ಲ, ತಾನು ವಾಲಿದ ದಿಕ್ಕಿನ ಒಂದು ಚೂರನ್ನಷ್ಟೇ ಹಿಡಿಯುತ್ತದೆ. ಒಂದು ಬೆಳ್ಳಗೆ ಮಿಂಚಿದರೆ ಪಕ್ಕದ್ದು ಕಪ್ಪಾಗಿರುತ್ತದೆ. ಎಲ್ಲಕ್ಕೂ ಬಿಳಿ ಬಿಟ್ಟ ಚಿತ್ರದಲ್ಲಿ ಕಾಣುವುದು ಕನ್ನಡಿಯಲ್ಲ, ಗುಂಡಿ.

ಇಷ್ಟೆಲ್ಲ ಯಾಕೆ, ಮೊಬೈಲಿನಲ್ಲಿ ಒಂದು ಫೋಟೊ ಸಾಲದೇ ಎನ್ನುವವರಿದ್ದಾರೆ. ಕ್ಯಾಮೆರಾ ಹಲವು ಸಲ ಚಿತ್ರಕ್ಕೆಲ್ಲ ಒಂದೇ ಬೆಳಕಿನ ಮಟ್ಟ ಹಿಡಿಯುತ್ತದೆ. ಆಗ ಹೊಳಪು ಸುಟ್ಟು ಬಿಳಿಯಾಗುವುದೋ ನೆರಳು ಮುಳುಗುವುದೋ ಆಗಬಹುದು. ಕಲಾವಿದ ಎರಡನ್ನೂ ತೂಗಿ, ಹತ್ತು ಪ್ರತಿಬಿಂಬಗಳಲ್ಲಿ ಮೂರನ್ನು ಇಟ್ಟು ಏಳನ್ನು ಬಿಡುತ್ತಾನೆ. ಕೊನೆಗೆ ಬಿಳಿ ಪೋಸ್ಟರ್ ಬಣ್ಣದಿಂದ ಹೊಳಪು ಇಟ್ಟರೆ ತಪ್ಪೇನು ಎಂಬ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ಕೂದಲೆಳೆಯಂಥ ಮಿಂಚಿಗೆ ಅದು ನಡೆಯುತ್ತದೆ. ಅಗಲವಾದ ಹೊಳಪಿಗೆ ಹಚ್ಚಿದರೆ ಸುಣ್ಣದಂತೆ ಮಂಕಾಗಿ ಕೂರುತ್ತದೆ. ಜಲವರ್ಣವೇ ಬೆಳಕನ್ನು ಹಿಡಿಯಬಲ್ಲದೆಂಬುದಕ್ಕೆ ಸಾಕ್ಷಿ ಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಎಸ್. ಎಲ್. ಹಳದಂಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರ, ‘ಗ್ಲೋ ಆಫ್ ಹೋಪ್’ ಇದೆ. ಬೆರಳುಗಳ ಸಂದಿನಲ್ಲಿ ಕೆಂಪಾಗಿ ಸೋರುವ ಆ ಬೆಳಕು ಜಲವರ್ಣದ್ದು. 1940ರ ದಶಕದ ಈ ಕೃತಿಯನ್ನು 1906ರಲ್ಲೇ ತೀರಿಕೊಂಡ ರಾಜಾ ರವಿವರ್ಮನ ಲೆಕ್ಕಕ್ಕೆ ಈಗಲೂ ಹಲವರು ಸೇರಿಸಿಬಿಡುತ್ತಾರೆ! ಜಲವರ್ಣ ಇಂಥ ಬೆಳಕನ್ನು ಹಿಡಿದೀತೆಂಬ ನಂಬಿಕೆ ನಮ್ಮಲ್ಲಿ ಕಡಿಮೆ ಎನ್ನುವುದಕ್ಕೆ ಆ ತಪ್ಪೂ ಒಂದು ಸಾಕ್ಷಿಯೇ.

ಈ ತಾಲ್ಲೂಕುಗಳ ಮಕ್ಕಳಿಗೆ ಕಲಿಯುವ ಜಾಗ ದೂರವಿಲ್ಲ. 1964ರಲ್ಲಿ ಆರಂಭವಾದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಈಗ ದಾವಣಗೆರೆ ವಿಶ್ವವಿದ್ಯಾಲಯದ ಭಾಗ. ಅಲ್ಲಿಯವರೆಗೆ ಹೋಗುವ ಮುನ್ನ ಶಾಲೆಯ ಡ್ರಾಯಿಂಗ್ ಮೇಷ್ಟ್ರುಗಳು ಮಾಡಬಹುದಾದ್ದು ಒಂದಿದೆ: ಮೇಜಿನ ಮೇಲಿನ ಪ್ಲಾಸ್ಟಿಕ್ ಹಣ್ಣುಗಳನ್ನು ತೆಗೆದು, ಬಿಸಿಯೂಟದ ಸ್ಟೀಲ್ ಲೋಟವೊಂದನ್ನು ತೊಳೆದು ಕಿಟಕಿಯ ಬಳಿ ಇಡಲಿ.