ನ್ಯೂಜೆರ್ಸಿಯಲ್ಲಿ ಪೆಟ್ರೋಲ್ ನೀವೇ ಹಾಕಿಕೊಳ್ಳುವಂತಿಲ್ಲ

ಕೆಲಸಕ್ಕೋ ಮಗಳ ಮನೆಗೋ ನ್ಯೂಜೆರ್ಸಿಗೆ ಹೊರಟಿದ್ದೀರಾ? ಅಮೆರಿಕದಲ್ಲಿ ಪೆಟ್ರೋಲ್ ನಾವೇ ಹಾಕಿಕೊಳ್ಳಬೇಕು ಎಂದು ಯಾರಾದರೂ ಹೇಳಿರುತ್ತಾರೆ. ಅಲ್ಲಿ ಆ ಮಾತು ನಡೆಯುವುದಿಲ್ಲ. ಪೆಟ್ರೋಲನ್ನು ಬಂಕಿನ ಹುಡುಗರೇ ಹಾಕಬೇಕೆಂದು 1949ರಲ್ಲೇ ಕಾನೂನಾಗಿದೆ. ಇಡೀ ರಾಜ್ಯಕ್ಕೆ ಇಂಥ ನಿಷೇಧ ಉಳಿದಿರುವುದು ಇಲ್ಲಿ ಮಾತ್ರ.

ಯಾಕೆ ಹೀಗೆ? ಬೆಂಕಿಯ ಭಯ, ಪೆಟ್ರೋಲ್ ಆವಿಯ ಅಪಾಯ, ವಯಸ್ಸಾದವರಿಗೆ ತೊಂದರೆ ಎನ್ನುತ್ತದೆ ಕಾನೂನು. ಒಳಗಿನ ಕತೆ ಬೇರೆ. ಆಗ ಒಂದು ಬಂಕ್ ಸೆಲ್ಫ್ ಸರ್ವಿಸ್ ಶುರುಮಾಡಿ, ಗ್ಯಾಲನ್‌ಗೆ (ಸುಮಾರು 3.8 ಲೀಟರ್) ಕೆಲವು ಸೆಂಟ್ ಕಡಿಮೆಗೆ ಮಾರತೊಡಗಿತು. ವ್ಯಾಪಾರ ಕೆಟ್ಟ ಉಳಿದ ಬಂಕಿನವರು ಶಾಸಕರ ಬೆನ್ನುಹತ್ತಿದರು. ಉಳಿದ ರಾಜ್ಯಗಳಲ್ಲಿ ಜನ ದಿನವೂ ತಾವೇ ಹಾಕಿಕೊಳ್ಳುತ್ತಿರುವಾಗ ಬೆಂಕಿಯ ನೆಪ ಈಗ ನಿಲ್ಲುವುದಿಲ್ಲ, ಬಿಡಿ.

ಬಂಕಿನಲ್ಲಿ ಮಾಡಬೇಕಾದ್ದು ಇಷ್ಟೇ. ಟ್ಯಾಂಕಿನ ಮುಚ್ಚಳ ಯಾವ ಕಡೆಗಿದೆ ಎಂಬುದನ್ನು ಇಂಧನದ ಮುಳ್ಳಿನ ಪಕ್ಕದ ಪುಟ್ಟ ಬಾಣ ತೋರಿಸುತ್ತದೆ. ಆ ಬದಿ ಪಂಪಿಗೆ ಬರುವಂತೆ ನಿಲ್ಲಿಸಿ. ಎಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ. ‘ಫಿಲ್ ರೆಗ್ಯುಲರ್’ ಎಂದರೆ ಸಾಧಾರಣ ದರ್ಜೆಯ, ಅಂದರೆ 87 ಆಕ್ಟೇನ್‌ನ ಪೆಟ್ರೋಲನ್ನು ಟ್ಯಾಂಕ್ ಭರ್ತಿ ಹಾಕುತ್ತಾರೆ. ಕ್ಯಾಶೋ ಕಾರ್ಡೋ ಎಂಬುದನ್ನು ಮೊದಲೇ ಹೇಳಿ. ಹಲವು ಬಂಕುಗಳಲ್ಲಿ ನಗದಿಗೆ ದರ ಕಡಿಮೆ, ಬೋರ್ಡಿನಲ್ಲಿ ಎರಡೂ ದರ ಬರೆದಿರುತ್ತಾರೆ. ಹಾಕಿದ್ದಕ್ಕೆ ಬೇರೆ ಶುಲ್ಕವಿಲ್ಲ. ಟಿಪ್ಸ್ ಕೊಡುವ ರೂಢಿಯೂ ಇಲ್ಲ.

ಮರೆತು ಇಳಿದು ನೀವೇ ಹಾಕಿಕೊಂಡರೆ? ಗಾಬರಿ ಬೇಡ. ದಂಡ ಬೀಳುವುದು ಬಂಕಿನವರಿಗೆ, ಮೊದಲ ಸಲ 50ರಿಂದ 250 ಡಾಲರ್. ಅದಕ್ಕೇ ಅವರು ಓಡಿಬಂದು ತಡೆಯುತ್ತಾರೆ.

ಆರೆಗಾನ್ ರಾಜ್ಯದಲ್ಲೂ 1951ರಿಂದ ಇಂಥದೇ ನಿಷೇಧವಿತ್ತು. 2023ರ ಆಗಸ್ಟ್‌ನಿಂದ ಅಲ್ಲಿ ಬೇಕಾದವರು ತಾವೇ ಹಾಕಿಕೊಳ್ಳಬಹುದು, ದರ ಎರಡಕ್ಕೂ ಒಂದೇ.

ನ್ಯೂಜೆರ್ಸಿಯಿಂದ ಪೆನ್ಸಿಲ್ವೇನಿಯಾಕ್ಕೆ ಹೋದರೆ ಮಾತ್ರ ಸಾಮಾನ್ಯವಾಗಿ ಕೆಲಸ ನಿಮ್ಮದೇ. ಅಲ್ಲಿನ ಪಂಪು ಕಾರ್ಡ್ ಉಜ್ಜಿದ ಮೇಲೆ ಝಿಪ್ ಕೋಡ್, ಅಂದರೆ ಅಮೆರಿಕದ ಪಿನ್‌ಕೋಡ್ ಕೇಳಬಹುದು. ಭಾರತದ ಕಾರ್ಡ್ ಇಲ್ಲಿ ಕೈಕೊಡುವುದುಂಟು. ಆಗ ಒಳಗಿನ ಕೌಂಟರಿಗೆ ಹೋಗಿ ಪಂಪಿನ ನಂಬರ್ ಹೇಳಿ, ಮೊದಲೇ ಹಣ ಕಟ್ಟಿಬನ್ನಿ.