ತೆಗೆದ ತಲೆಬುರುಡೆಯನ್ನು ಮತ್ತೆ ಕೂರಿಸುವುದು ಏಕೆ?

ಅಡಿಕೆ ಮರದಿಂದ, ಮೆಣಸು ಕೊಯ್ಯುವ ಏಣಿಯಿಂದ, ನೆರಳು ಮರದ ಕೊಂಬೆಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುವುದು ನಮ್ಮ ತೋಟಗಳಲ್ಲಿ ಹೊಸತೇನಲ್ಲ. ಹೀಗೆ ಬಿದ್ದವರಲ್ಲಿ ಕೆಲವರು ತಲೆಯ ಒಂದು ಬದಿಯ ಮೂಳೆ ಇಲ್ಲದೆಯೇ ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಇದರ ಕಾರಣವನ್ನೂ ಮುಂದಿನ ಆರೈಕೆಯನ್ನೂ ಮನೆಮಂದಿ ತಿಳಿದಿರುವುದು ಅವಶ್ಯ.

ತಲೆಬುರುಡೆ ತೆಂಗಿನ ಕರಟದಂತೆ ಗಟ್ಟಿ. ಪೆಟ್ಟು ಬಿದ್ದ ಮೆದುಳು ಬಾತುಕೊಂಡಾಗ ಹಿಗ್ಗಲು ಜಾಗವಿರುವುದಿಲ್ಲ. ಒಳಗಿನ ಒತ್ತಡ ಏರಿ ಮೆದುಳಿಗೆ ರಕ್ತ ಹರಿಯುವುದು ಕುಂದುತ್ತದೆ. ಔಷಧಿಯಿಂದ ಒತ್ತಡ ಇಳಿಯದಿದ್ದರೆ ಶಸ್ತ್ರವೈದ್ಯರು ಬುರುಡೆಯ ಅಗಲವಾದ ತುಂಡೊಂದನ್ನು ತೆಗೆದು ಜೀವ ಉಳಿಸಲು ಯತ್ನಿಸುತ್ತಾರೆ. ಆ ತುಂಡನ್ನು ಅತಿ ಶೀತದ ಪೆಟ್ಟಿಗೆಯಲ್ಲಿ ಇಡುತ್ತಾರೆ, ಇಲ್ಲವೇ ರೋಗಿಯ ಹೊಟ್ಟೆಯ ಚರ್ಮದಡಿ ಹುದುಗಿಸಿ ಕಾಪಾಡುತ್ತಾರೆ.

ಬಾವು ಇಳಿದ ಮೇಲೆ, ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ, ಅದನ್ನು ಮತ್ತೆ ಕೂರಿಸುತ್ತಾರೆ. ಇದಕ್ಕೆ ಕ್ರೇನಿಯೋಪ್ಲಾಸ್ಟಿ ಎಂದು ಹೆಸರು. ಮೂಳೆ ಪುಡಿಯಾಗಿದ್ದರೆ ಅಥವಾ ಕೀವು ತುಂಬಿದ್ದರೆ ಟೈಟಾನಿಯಂ ಜಾಲರಿಯನ್ನೋ ಮೂಳೆ ಸಿಮೆಂಟನ್ನೋ ಬಳಸುವುದುಂಟು.

"ಓಡಾಡಿಕೊಂಡಿದ್ದಾನಲ್ಲ, ಇನ್ನೊಂದು ಆಪರೇಷನ್ ಯಾಕೆ?" ಎಂದು ಕೇಳುವವರಿದ್ದಾರೆ. ಮೂಳೆಯಿಲ್ಲದ ಕಡೆ ಮೆದುಳಿಗೆ ಚರ್ಮದ ಹೊದಿಕೆಯಷ್ಟೇ ಆಸರೆ. ಸಣ್ಣ ಪೆಟ್ಟೂ ಅಪಾಯ. ಕೆಲವರಿಗೆ ಆ ಜಾಗ ಕುಸಿದು ತಲೆನೋವು, ತಲೆಸುತ್ತು, ಕೈಕಾಲು ಬಲಹೀನತೆ ಕಾಣಿಸುತ್ತದೆ. ಮೂಳೆ ಕೂರಿಸಿದ ಬಳಿಕ ಇವು ಎಷ್ಟೋ ಸಲ ಕಡಿಮೆಯಾಗುತ್ತವೆ. ಆದರೆ ಈ ಶಸ್ತ್ರಚಿಕಿತ್ಸೆಯಲ್ಲೂ ಕೀವು, ರಕ್ತಸ್ರಾವ, ಫಿಟ್ಸ್ ಆಗುವ ಸಂಭವವಿದೆ. ಆದ್ದರಿಂದ ಸಮಯವನ್ನು ವೈದ್ಯರೇ ನಿರ್ಧರಿಸಬೇಕು. ಮೆದುಳಿಗೇ ಆದ ಹಾನಿಯನ್ನು ಇದು ಸರಿಪಡಿಸದು. ಮಾತು ಮತ್ತು ನಡಿಗೆಗೆ ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಅಲ್ಲಿಯವರೆಗೆ ಗಮನಿಸಬೇಕಾದುವು:

1. ಮೂಳೆಯಿಲ್ಲದ ಬದಿಗೆ ಮಲಗಬಾರದು. ಓಡಾಡುವಾಗ ವೈದ್ಯರು ಹೇಳಿದ ಶಿರಸ್ತ್ರಾಣ ಧರಿಸಬೇಕು.

2. ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

3. ಒಬ್ಬರೇ ಕೆರೆಗೆ ಇಳಿಯುವುದು, ವಾಹನ ನಡೆಸುವುದು, ಕಳೆ ಕೊಚ್ಚುವ ಯಂತ್ರ ಹಿಡಿಯುವುದು ಬೇಡ.

4. ಜ್ವರ, ಗಾಯದಲ್ಲಿ ಕೀವು, ವಾಂತಿ, ಅತಿಯಾದ ಮಂಪರು, ಫಿಟ್ಸ್ ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಖರ್ಚಿಗೆ ಅಂಜಿ ಎರಡನೆಯ ಶಸ್ತ್ರಚಿಕಿತ್ಸೆಯನ್ನು ಕೈಬಿಡುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ದೊರೆಯುವುದೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿರಿ. ಗಾಯ ಒಣಗಿದ ಮಾತ್ರಕ್ಕೆ ಕೊನೆಗಾರನನ್ನು ಮರ ಹತ್ತಿಸಬೇಡಿರಿ. ಕೊಯ್ಲು ಎಷ್ಟೇ ತುರ್ತಾಗಿದ್ದರೂ ಆ ಅಪ್ಪಣೆ ವೈದ್ಯರಿಂದಲೇ ಬರಬೇಕು.