ಕೂಸಿಗೆ ಪದೇ ಪದೇ ಸೋಂಕೇ? ರಕ್ತದ ಲೆಕ್ಕ ನೋಡಿಸಿ

ಹುಟ್ಟಿದಾಗ ಚೆನ್ನಾಗಿದ್ದ ಕೂಸು ಎರಡು-ಮೂರು ತಿಂಗಳಾಗುತ್ತಲೇ ನ್ಯುಮೋನಿಯಾದಿಂದ ಆಸ್ಪತ್ರೆ ಸೇರುತ್ತದೆ. ಮನೆಗೆ ಬಂದರೆ ಭೇದಿ, ಬಾಯಲ್ಲಿ ಹೋಗದ ಬಿಳಿ ಪದರ. ತೂಕ ಏರುವುದಿಲ್ಲ. ಹಿರಿಯರು ‘ನಜರ್ ಆಗಿದೆ’ ಎನ್ನುತ್ತಾರೆ. ದುಆ ಮಾಡಿ, ಜೊತೆಗೆ ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿ.

ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್‌ಗಳು ಮುಖ್ಯ. ಅವು ತಾವಾಗಿಯೇ ಬೆಳೆಯುವುದಿಲ್ಲ. ಸೈಟೋಕೈನ್ ಎಂಬ ಸಣ್ಣ ಪ್ರೋಟೀನ್‌ಗಳು ‘ಬೆಳೆ, ಹೆಚ್ಚಾಗು’ ಎಂಬ ಸಂದೇಶ ತರುತ್ತವೆ. ಕಣದ ಮೇಲಿರುವ ಗ್ರಾಹಕ ಅದನ್ನು ಹಿಡಿದು ಒಳಗೆ ಮುಟ್ಟಿಸಬೇಕು. ತುಂಗಭದ್ರಾ ಡ್ಯಾಮ್ ತುಂಬಿ ಕಾಲುವೆ ಹರಿದರೂ ತೂಬು ತೆರೆಯದಿದ್ದರೆ ಕಂಪ್ಲಿಯ ಭತ್ತದ ಗದ್ದೆ ಒಣಗುತ್ತದಲ್ಲವೇ? ಹಾಗೆಯೇ ಗ್ರಾಹಕ ಕೆಟ್ಟಿದ್ದರೆ ಸೈಟೋಕೈನ್ ಎಷ್ಟಿದ್ದರೂ ಕಣ ಬೆಳೆಯದು.

ಹೀಗೆ ಲಿಂಫೋಸೈಟ್‌ಗಳು ಬೆಳೆಯದ ಹುಟ್ಟುಕಾಯಿಲೆಗೆ ‘ಸ್ಕಿಡ್’ ಎನ್ನುತ್ತಾರೆ. ಇಂಟರ್‌ಲ್ಯೂಕಿನ್-2, ಇಂಟರ್‌ಲ್ಯೂಕಿನ್-7 ಸೇರಿ ಆರು ಸೈಟೋಕೈನ್‌ಗಳ ಗ್ರಾಹಕಗಳಲ್ಲಿ ಒಂದು ಭಾಗ ಒಂದೇ. ಅದರ ಜೀನ್‌ನ ದೋಷವೇ ಗಂಡುಮಕ್ಕಳಿಗೆ ಬರುವ ಒಂದು ಬಗೆಯ ಸ್ಕಿಡ್‌ಗೆ ಕಾರಣವೆಂದು 1993ರಲ್ಲಿ ತಿಳಿಯಿತು. ಈ ದೋಷ ಹೆಚ್ಚಾಗಿ ತಾಯಿಯ ಮೂಲಕ ಬರುತ್ತದೆ. ಆಕೆಗೆ ತೊಂದರೆ ಇರುವುದಿಲ್ಲ, ಇದು ಆಕೆಯ ತಪ್ಪೂ ಅಲ್ಲ. ಬೇರೆ ಬಗೆಗಳಲ್ಲಿ ತಂದೆ-ತಾಯಿ ಇಬ್ಬರಿಂದಲೂ ದೋಷ ಬರುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದವರಲ್ಲಿ ಇದರ ಸಾಧ್ಯತೆ ಹೆಚ್ಚು.

ಮೊದಲ ಪರೀಕ್ಷೆ ದುಬಾರಿಯಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಯ ಲ್ಯಾಬ್‌ಗಳಲ್ಲಿ ಮಾಡುವ ಸಿಬಿಸಿ ಸಾಕು. ಶೇಕಡಾವಾರು ಅಲ್ಲ, ಲಿಂಫೋಸೈಟ್‌ಗಳ ಒಟ್ಟು ಸಂಖ್ಯೆ ನೋಡಿ. ಎಳೆಗೂಸಿನಲ್ಲಿ ಅದು 3,000ಕ್ಕಿಂತ ಕಡಿಮೆ ಇದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ವರದಿಯಲ್ಲಿ ಅಚ್ಚಾದ ಮಿತಿ ಕೆಲವೊಮ್ಮೆ ದೊಡ್ಡವರದ್ದಾಗಿರುತ್ತದೆ, ಅದನ್ನು ನೋಡಿ ಸುಮ್ಮನಾಗಬೇಡಿ. ಸಂಖ್ಯೆ ಸರಿಯಿದ್ದೂ ಸೋಂಕು ಮರುಕಳಿಸಿದರೆ ಮುಂದಿನ ಪರೀಕ್ಷೆ ಕೇಳಿ.

ಚಿಕಿತ್ಸೆ ಇಲ್ಲದೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷ ದಾಟುವುದಿಲ್ಲ. ಅಸ್ಥಿಮಜ್ಜೆ ಕಸಿಯಿಂದ ಉಳಿಸಬಹುದು. ಬೆಂಗಳೂರಿನಲ್ಲಿ ಕಸಿ ನಡೆಯುತ್ತದೆ. ಅಮೆರಿಕದಲ್ಲಿ ಮೂರೂವರೆ ತಿಂಗಳೊಳಗೆ ಕಸಿ ಪಡೆದ ಮಕ್ಕಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿ ಬದುಕಿದ್ದಾರೆ. ಸೋಂಕು ಬಲವಾದ ಮೇಲೆ ಕಷ್ಟ.

ಲಸಿಕೆಗೆ ಹೆದರಬೇಡಿ, ಎಲ್ಲ ಮಕ್ಕಳಿಗೂ ಸಮಯಕ್ಕೆ ಹಾಕಿಸಿ. ಆದರೆ ಸ್ಕಿಡ್ ಇರುವ ಕೂಸಿಗೆ ಬಿಸಿಜಿಯಂಥ ಜೀವಂತ ಲಸಿಕೆ ಅಪಾಯ. ಆದ್ದರಿಂದ ಮನೆಯಲ್ಲಿ ಅಥವಾ ತಾಯಿಯ ತವರಿನಲ್ಲಿ ಹಿಂದೆ ಎಳೆಗೂಸು ಸೋಂಕಿನಿಂದ ತೀರಿಕೊಂಡಿದ್ದರೆ, ಮುಂದಿನ ಹೆರಿಗೆಗೆ ಮುಂಚೆಯೇ ವೈದ್ಯರಿಗೆ ಹೇಳಿ. ಕೂಸಿನ ರಕ್ತಪರೀಕ್ಷೆ ಮೊದಲು, ಬಿಸಿಜಿ ನಂತರ.